ಕಡಿಮೆ ಉರಿಯ ಬೆಸುಗೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಕಾಗದ ಬರೆಯುವಾಗ ‘ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿದ್ದೀಯ ಎಂದು ನಂಬಿದ್ದೇವೆ’ ಎಂದು ಶುರು ಮಾಡಬೇಕಂತೆ. ನಿಮ್ಮಪ್ಪ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾರೆ. ಅವರ ಸೊಂಟ ಚೆನ್ನಾಗಿಲ್ಲ, ಅಡುಗೆಮನೆಯ ನಲ್ಲಿ ಚೆನ್ನಾಗಿಲ್ಲ, ನನ್ನ ಸಿಟ್ಟು ಮಾತ್ರ ಮೊದಲಿನ ಹಾಗೇ ಗಟ್ಟಿಮುಟ್ಟಾಗಿದೆ. ಉಳಿದಂತೆ ಕ್ಷೇಮ.

ನೀನು ಕಳಿಸಿದ ಕನ್ನಡಕ ಬಂದು ತಿಂಗಳಾಗುತ್ತಾ ಬಂತು. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹಾಕಿಕೊಂಡ ಮೊದಲ ದಿನ ನಿಮ್ಮಪ್ಪನ ಮುಖ ನೋಡಿ, ಇಷ್ಟು ವರ್ಷ ಮಬ್ಬಾಗಿ ಕಂಡದ್ದೇ ಒಳ್ಳೆಯದಾಗಿತ್ತು ಅಂದೆ. ಅದನ್ನು ಬಂದ ದಾರಿಗೇ ವಾಪಸ್ ಕಳಿಸು ಅಂದರು. ಹಾಗೆ ಅಂದವರೇ ಈಗ ದಿನಾ ಬೆಳಿಗ್ಗೆ ಅದನ್ನು ಒರೆಸಿ ನನ್ನ ಕೆಲಸದ ಚೀಲದಲ್ಲಿ ಇಡುತ್ತಾರೆ.

ಫೋನ್ ಮಾಡಬಹುದಿತ್ತಲ್ಲಮ್ಮ ಅನ್ನುತ್ತೀಯ. ಮಾಡಿದೆ. ನಮ್ಮ ಬೀದಿಯಲ್ಲಿ ಸಿಗ್ನಲ್ ಬೇಕೆಂದರೆ ನರ್ಸಕ್ಕನ ಕ್ಲಿನಿಕ್ಕಿನ ಮಹಡಿ ಮೆಟ್ಟಿಲ ಮೇಲೆ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಲ್ಲಬೇಕು. ಹಾಗೆ ನಿಂತು ಕರೆದರೆ ನೀನು ಮೀಟಿಂಗಿನಲ್ಲಿರುತ್ತೀಯ. ಊರಿಗೆಲ್ಲ ಬೆಳಕಿನ ದಾರಿ ಜೋಡಿಸುವ ಕೈ, ಇದೇ ಊರಿನ ಗುಡ್ಡದ ಮೇಲಿರುವ ಮಗಳಿಗೆ ಬಾಲ್‌ಪೆನ್ನಿನಲ್ಲಿ ಬರೆಯುತ್ತಿದೆ. ನಗು ಬಂದರೆ ನಕ್ಕುಬಿಡು. ನನಗೂ ಬಂತು.

ಮೊದಲು ಕೆಲಸದ ಸುದ್ದಿ. ನಮ್ಮ ಗ್ಯಾಂಗನ್ನು ನೀನು ಓದಿದ ಪ್ರಯೋಗಶಾಲೆಗೆ ಕರೆಸಿ, ಇಂಟರ್ನೆಟ್ ಕೇಬಲ್ಲಿಗೆ ಹೊಸದಾಗಿ ಬಂದ ಟೊಳ್ಳು ಗಾಜಿನ ಎಳೆಯ ಬೆಸುಗೆ ಕಲಿಸಿದರು. ಅದು ನಿನಗೆ ಗೊತ್ತೇ ಇದೆ, ನೀನು ಆ ವಾರ ಊರಲ್ಲಿರಲಿಲ್ಲ ಅಷ್ಟೆ. ಗಾಜಿನ ಎಳೆ ತೆಗೆಯುವ ಆ ಎತ್ತರದ ಗೋಪುರವನ್ನು ಮತ್ತೆ ನೋಡಿದೆ. ತುದಿಯಲ್ಲಿ ಗಾಜಿನ ಕಂಬ ಕಾಯುತ್ತದೆ, ಕರಗುತ್ತದೆ, ಜೇನಿನಂತೆ ಒಂದು ಹನಿ ಇಳಿಯುತ್ತದೆ. ಆ ಹನಿಯ ಬಾಲ ಹಿಡಿದು ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಕೆಳಗಿಳಿಯುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಸದ್ದಿಲ್ಲ. ನಾವೆಲ್ಲ ಬಾಯಿ ಬಿಟ್ಟುಕೊಂಡು ಕತ್ತೆತ್ತಿ ನಿಂತಿದ್ದೆವು. ನನ್ನ ಜೊತೆಗಾತಿ ಕಡ್ಡಿ (ಸಣಕಲಿ, ಬೀದಿಬದಿಯ ನನ್ನ ಬೆಸುಗೆಯ ಗುಡಾರದಲ್ಲಿ ಎಳೆ ಸುಲಿದು ಕೊಡುವವಳು) ಮೆಲ್ಲಗೆ, ‘ಅಕ್ಕಾ, ಮಳೆಯನ್ನ ಯಾರೋ ದಾರ ಮಾಡ್ತಿದಾರೆ’ ಅಂದಳು.

ನೀನು ಓದುತ್ತಿದ್ದಾಗ ಅದೇ ಗೋಪುರದ ಬುಡದಲ್ಲಿ ನನ್ನನ್ನು ನಿಲ್ಲಿಸಿದ್ದೆ. ನೆನಪಿದೆಯಾ? ಕೈಗೆ ಮಣ್ಣು ಮೆತ್ತಿತ್ತು, ಕೆಲಸದಿಂದ ನೇರ ಬಂದಿದ್ದೆ, ಹಿಂದೆ ಹಿಂದೆ ಸರಿಯುತ್ತಿದ್ದೆ. ನೀನು ಆ ಮಣ್ಣುಗೈಯನ್ನೇ ಹಿಡಿದು ನಿಮ್ಮ ದೊಡ್ಡ ಮೇಡಂ ಮುಂದೆ ಎಳೆದುಕೊಂಡು ಹೋಗಿ, ‘ಮೇಡಂ, ಇವರು ನಮ್ಮಮ್ಮ. ನೆಲದೊಳಗೆ ಬೆಳಕು ಜೋಡಿಸ್ತಾರೆ’ ಅಂದೆ. ಆ ಒಂದು ಮಾತನ್ನು ನಾನು ನೆಲದಡಿಯ ಎಷ್ಟು ಕೇಬಲ್ ಚೇಂಬರುಗಳಲ್ಲಿ ಕೂತು, ಎಷ್ಟು ಚಳಿಯಲ್ಲಿ ಮೈಗೆ ಸುತ್ತಿಕೊಂಡಿದ್ದೇನೋ.

ಆವತ್ತೇ ನೀನು ನಿನ್ನ ಸಂಶೋಧನೆಯನ್ನು ನನಗೆ ವಿವರಿಸಿದ್ದು. ಒಂದೇ ಎಳೆಯಲ್ಲಿ ನೂರಾರು ಬಣ್ಣದ ಬೆಳಕು, ಒಂದೊಂದು ಬಣ್ಣದ ಹೆಗಲ ಮೇಲೆ ಒಂದೊಂದು ಮಾತಿನ ಮೂಟೆ, ಒಂದರ ಮೈ ಇನ್ನೊಂದಕ್ಕೆ ತಾಗದ ಹಾಗೆ ಸಾಲು ಕೂರಿಸುವುದೇ ನಿನ್ನ ವಿದ್ಯೆ ಅಂದೆ. ತಾಗಬಾರದು ಅನ್ನುವ ಮಾತು ಕೇಳಿದರೆ ನನಗೆ ಹುಟ್ಟಾ ಮೈ ಉರಿಯುತ್ತದೆ. ಯಾವ ಸೀಮೆ ವಿಜ್ಞಾನ ಕಣೇ ಅದು, ಬೆಳಕಿಗೂ ಮಡಿ ಮೈಲಿಗೆ ಹೇಳಿಕೊಟ್ಟರಾ ಎಂದು ರೇಗಿದೆ. ನೀನು ನಕ್ಕು, ‘ದೂರ ಇಡೋದಲ್ಲಮ್ಮಾ, ಎಲ್ಲರಿಗೂ ಜಾಗ ಮಾಡಿಕೊಡೋದು’ ಅಂದೆ. ನನ್ನ ಸಂಘದ ಮೀಟಿಂಗುಗಳಲ್ಲಿ ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಈಗಿನ ಈ ಟೊಳ್ಳು ಎಳೆ ಇನ್ನೂ ವಿಚಿತ್ರದ್ದು. ಕೂದಲಿನೊಳಗೆ ಇನ್ನೂ ಸಣ್ಣ ಕೊಳವೆಗಳು, ಅವುಗಳ ನಡುವೆ ಬರೀ ಗಾಳಿ. ಗಾಜಿನಲ್ಲಿ ಬೆಳಕು ಕೆಸರಿನಲ್ಲಿ ನಡೆದ ಹಾಗೆ ನಡೆಯುತ್ತದೆ, ಗಾಳಿಯಲ್ಲಿ ಬಿಟ್ಟರೆ ಓಡುತ್ತದೆ ಅಂದರು. ಬೆಸೆಯಲು ಕೂತರೆ ಮೊದಲ ದಿನ ನನ್ನದು ಒಂದೂ ಸರಿಹೋಗಲಿಲ್ಲ. ನನ್ನ ಕೈ ಹಳೆಯ ಗಾಜಿಗೆ ಪಳಗಿದ್ದು. ಮಷೀನಿನ ಕಿಡಿಯನ್ನು ಹಳೆಯ ಉರಿಗೇ ಇಟ್ಟು ಬೆಸೆಯುತ್ತಿದ್ದೆ. ಹೊರಗಿನಿಂದ ನೋಡಿದರೆ ಬೆಸುಗೆ ಬಂಡೆಯ ಹಾಗೆ ಗಟ್ಟಿ, ಬೆಳಕು ಬಿಟ್ಟರೆ ಆ ಕಡೆ ಕತ್ತಲೆ. ದೊಡ್ಡ ಮೇಡಂ ಭೂತಗನ್ನಡಿಯಲ್ಲಿ ನೋಡಿ ಹೇಳಿದರು: ‘ಉರಿ ಕಮ್ಮಿ ಮಾಡಮ್ಮ. ಸೇರಿಸೋ ಆತುರದಲ್ಲಿ ಒಳಗಿನ ಟೊಳ್ಳನ್ನೇ ಮುಚ್ಚಿಬಿಡ್ತಿದೀಯ. ಬೆಳಕು ಎಲ್ಲಿ ಹೋಗಬೇಕು?’

ಆ ಮಾತನ್ನು ಹಿಡಿದುಕೊಂಡೇ ಇವತ್ತು ಬರೆಯಲು ಕೂತಿದ್ದೇನೆ. ನಾನು ಹೇಗೆ ಮಾತಾಡುವವಳು ಎಂದು ನಿನಗೆ ಗೊತ್ತು. ಮೇಜು ಗುದ್ದಿ ಮಾತಾಡಿ ಮಾತಾಡಿ ಅಂಗೈ ಗಟ್ಟಿಯಾಗಿದೆ. ಈ ಕಾಗದವನ್ನು ಕಡಿಮೆ ಉರಿಯಲ್ಲಿ ಬರೆಯುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟಿದ್ದೇನೆ. ಎಲ್ಲಾದರೂ ಉರಿ ಹೆಚ್ಚಾದರೆ ಅಲ್ಲಿ ಸ್ವಲ್ಪ ನಿಲ್ಲಿಸಿ, ನೀರು ಕುಡಿದು, ಆಮೇಲೆ ಓದು.

ಟೊಳ್ಳು ಎಳೆ ಕಲಿತಾಗಿನಿಂದ ನನಗೆ ಒಂದೇ ಕನಸು ಬೀಳುತ್ತಿದೆ. ನಾನು ಎಳೆಯೊಳಗೆ ಇದ್ದೇನೆ. ಸುತ್ತ ಗಾಜಿನ ಗೋಡೆ, ತಣ್ಣಗೆ ಗಾಳಿ. ನಮ್ಮ ಕೆಲಸದ ಬೆಳಕು ಕಣ್ಣಿಗೆ ಕಾಣುವುದಿಲ್ಲ, ತುದಿಯನ್ನು ಯಾವತ್ತೂ ಕಣ್ಣಿಗೆ ಹಿಡಿಯಬಾರದು ಎಂದು ಮೊದಲ ದಿನವೇ ಹೆದರಿಸಿರುತ್ತಾರಲ್ಲ. ಕನಸಿನಲ್ಲಿ ಮಾತ್ರ ಕಾಣುತ್ತದೆ. ಹೆಸರಿಲ್ಲದ ಬಣ್ಣಗಳು ನನ್ನ ಮೈ ಸವರಿಕೊಂಡು ಹೋಗುತ್ತವೆ, ಯಾವುದೂ ತಾಗಬೇಡ ಅನ್ನುವುದಿಲ್ಲ. ಮೇಲೆ ನಮ್ಮ ಬೀದಿ ನಡೆದಾಡುವುದು ಕೇಳುತ್ತದೆ. ಟೈಲರ್ ಮಷೀನಿನ ತುಳಿತ, ನರ್ಸಕ್ಕನ ರಬ್ಬರ್ ಚಪ್ಪಲಿ. ನಾನು ನಡೆಯುತ್ತಿಲ್ಲ, ಆದರೂ ಹೋಗುತ್ತಿದ್ದೇನೆ. ತುದಿಯಲ್ಲಿ ನೀನು ಒಂದು ಮೇಜಿನ ಮುಂದೆ ತಲೆ ಬಗ್ಗಿಸಿ ಗೆರೆ ಎಳೆಯುತ್ತಿದ್ದೀಯ. ಇನ್ನೇನು ತಲೆ ಎತ್ತಬೇಕು, ಅಷ್ಟರಲ್ಲಿ ನಿಮ್ಮಪ್ಪ ಗೊರಕೆ ಹೊಡೆಯುತ್ತಾರೆ.

ಇನ್ನು ನಮ್ಮ ಬೀದಿಯ ಸುದ್ದಿ. ಹೊಸ ಟೊಳ್ಳು ಕೇಬಲ್ ನಮ್ಮ ಮನೆ ಮುಂದೆಯೇ ಹೋಗಿದೆ. ಆ ಕಡೆ ಷೇರು ವ್ಯಾಪಾರದ ಕಟ್ಟಡ, ಈ ಕಡೆ ಕಂಪ್ಯೂಟರುಗಳ ಗೋದಾಮು. ಎರಡರ ನಡುವೆ ನೇರ ಗೆರೆ ಎಳೆದರೆ ಅದು ನಮ್ಮ ಹೊಟ್ಟೆಯ ಮೇಲೇ ಹಾಯುತ್ತದೆ. ಕೇಬಲ್ ಸುತ್ತಿ ತಂದ ಡ್ರಮ್ಮು ಮುಗಿದದ್ದು ನಮ್ಮ ಹಳೆಯ ಟೆಲಿಫೋನ್ ಚೇಂಬರಿನ ಹತ್ತಿರ. ಡ್ರಮ್ಮು ಎಲ್ಲಿ ಮುಗಿಯುತ್ತದೋ ಅಲ್ಲೇ ಜಾಯಿಂಟ್ ಬೀಳಬೇಕು. ಯಾರೂ ನಮ್ಮ ಮೇಲೆ ಕರುಣೆಯಿಟ್ಟು ಮಾಡಿದ್ದಲ್ಲ, ಡ್ರಮ್ಮಿಗೆ ನಮ್ಮ ಜಾತಿ ಗೊತ್ತಿರಲಿಲ್ಲ ಅಷ್ಟೆ.

ಆ ಚೇಂಬರಿನ ಮುಚ್ಚಳ ನಿನಗೆ ನೆನಪಿರಲೇಬೇಕು. ಒಂದು ಮೂಲೆ ಮೇಲೆದ್ದಿದೆ, ತುಳಿದರೆ ‘ಟಕ್’ ಅನ್ನುತ್ತದೆ. ಸ್ಕೂಲಿಂದ ಬಂದಾಗ ನೀನು ಎರಡೂ ಕಾಲು ಜೋಡಿಸಿ ಅದರ ಮೇಲೆ ಹಾರುತ್ತಿದ್ದೆ. ಮನೆಯೊಳಗೆ ಕೂತ ನಿಮ್ಮಪ್ಪ, ‘ಬಂದಳು ಕಣೇ, ಹಾಲು ಕಾಯಿಸು’ ಅನ್ನುತ್ತಿದ್ದರು. ಆ ಗುಂಡಿ ಅವರೇ ಅಗೆದದ್ದು, ನೀನು ಹುಟ್ಟುವುದಕ್ಕೆ ಮೊದಲು, ಸೊಂಟ ಇನ್ನೂ ಸೊಂಟವಾಗಿದ್ದಾಗ.

ಜಾಯಿಂಟನ್ನು ನಾನೇ ಮಾಡಿದೆ. ಎಲ್ಲ ಕಡೆ ಮಾಡುವ ಹಾಗೆ ಇಲ್ಲೂ ಲೂಪ್ ಬಿಟ್ಟೆ. ನಿನಗೆ ಇದನ್ನು ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಕಾಗದದ ಮೇಲೆ ಗೆರೆ ಎಳೆಯುವವರಿಗೆ ಇದು ಬೇಗ ಮರೆತುಹೋಗುತ್ತದೆ. ಲೂಪ್ ಅಂದರೆ ಒಂದಷ್ಟು ಮೀಟರ್ ಹೆಚ್ಚಿನ ಕೇಬಲ್ಲನ್ನು ಸುತ್ತಿ ಚೇಂಬರಿನ ಗೋಡೆಗೆ ನೇತುಹಾಕುವುದು. ಆ ಸುತ್ತು ಇದ್ದರೆ ನಾಳೆ ಜಾಯಿಂಟನ್ನು ಮೇಲೆತ್ತಿ ಗುಡಾರಕ್ಕೆ ತರಬಹುದು, ಬಿಚ್ಚಬಹುದು, ಅದರಲ್ಲಿರುವ ಖಾಲಿ ಎಳೆಯೊಂದನ್ನು ಬೀದಿಯ ಮನೆಗಳಿಗೆ ತಿರುಗಿಸಬಹುದು. ಸುತ್ತು ಇಲ್ಲದಿದ್ದರೆ ಕೇಬಲ್ ಬಿಗಿದ ತಂತಿ. ಅದು ಯಾರ ಮಾತಿಗೂ ಬಗ್ಗುವುದಿಲ್ಲ, ಯಾವ ಮನೆಗೂ ತಿರುಗುವುದಿಲ್ಲ.

ಅದಕ್ಕೇ ನಮ್ಮ ಕಸುಬಿನಲ್ಲಿ ಲೂಪ್ ಬಿಡದವಳನ್ನು ಬೆಸುಗೆಯವಳು ಅನ್ನುವುದಿಲ್ಲ, ಕತ್ತರಿ ಅನ್ನುತ್ತಾರೆ.

ಜಾಯಿಂಟ್ ಬಿತ್ತು ಎಂದು ತಿಳಿದಾಗ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನರ್ಸಕ್ಕ. ಅವಳ ಕ್ಲಿನಿಕ್ಕಿನಲ್ಲಿ ಎದೆಬಡಿತದ ಗೆರೆ ಬರೆಯುವ ಮಷೀನಿದೆ, ಆದರೆ ಗೆರೆ ಓದುವ ಡಾಕ್ಟರ್ ಇರುವುದು ದೊಡ್ಡಾಸ್ಪತ್ರೆಯಲ್ಲಿ. ಹೋದ ತಿಂಗಳು ಚಪ್ಪಲಿ ಹೊಲಿಯುವವನ ಹೆಂಡತಿಗೆ ಎದೆನೋವು ಬಂತು. ನರ್ಸಕ್ಕ ಗೆರೆ ತೆಗೆದು, ಅದರ ಫೋಟೋ ಡಾಕ್ಟರಿಗೆ ಕಳಿಸಲು ಫೋನ್ ಹಿಡಿದು ಮಹಡಿ ಹತ್ತಿ, ಅದು ಹೋಗಲಿ ಹೋಗಲಿ ಎಂದು ಕಾದಳು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿತ್ತು. ಕೆಳಗೆ ಬೆಂಚಿನ ಮೇಲೆ ಆ ಹೆಂಗಸು ಬೆವರುತ್ತಿದ್ದಳು. ನಮ್ಮ ಕಾಲ ಕೆಳಗೆ ಮಾರುದ್ದ ಆಳದಲ್ಲಿ ಇಡೀ ಊರಿನ ದುಡ್ಡು ಮಿಂಚಿನ ವೇಗದಲ್ಲಿ ಓಡಾಡುತ್ತಿತ್ತು. ಹೆಂಗಸು ಬದುಕಿದಳು. ಚಕ್ರ ನಿಂತಿದ್ದರಿಂದಲ್ಲ, ನಾಲ್ಕು ಜನ ಅವಳನ್ನು ಬೆಂಚಿನ ಸಮೇತ ಹೊತ್ತುಕೊಂಡು ಓಡಿದ್ದರಿಂದ.

ನಾನು ನರ್ಸಕ್ಕನಿಗೆ ಹೇಳಿದ್ದೆ, ಇನ್ನು ಸ್ವಲ್ಪ ತಡಿ, ಡ್ರಾಯಿಂಗ್ ಮಾಡುವ ಆಫೀಸಿನಲ್ಲಿ ನಮ್ಮ ಪುಟ್ಟಿ ಇದ್ದಾಳೆ ಅಂತ. ಕೆಲಸ ಸಿಕ್ಕ ದಿನ ನೀನು ಕ್ಲಿನಿಕ್ಕಿನ ಆ ಮೆಟ್ಟಿಲ ಮೇಲೇ ಕೂತು, ‘ಮೊದಲು ನಮ್ಮ ಬೀದಿಗೆ ಕನೆಕ್ಷನ್ ತರ್ತೀನಿ, ಆಮೇಲೆ ಬೇರೆ ಕಡೆ’ ಅಂದಿದ್ದು ಅವಳಿಗೂ ನೆನಪಿತ್ತು.

ಹಾಂ, ಇನ್ನೊಂದು. ನೀನು ಆಫೀಸಿನವರ ಜೊತೆ ನಮ್ಮ ಬೀದಿಗೆ ಬಂದಿದ್ದೆ ಎಂದು ಟೈಲರ್ ನಿಮ್ಮಪ್ಪನಿಗೆ ಹೇಳಿದನಂತೆ. ನಿಮ್ಮಪ್ಪ ಕೇಳಿಸಿಕೊಳ್ಳಲೂ ತಯಾರಿರಲಿಲ್ಲ. ‘ನನ್ನ ಮಗಳು ಬೀದಿಗೆ ಬಂದು ಮನೆಗೆ ಬರದೆ ಹೋಗ್ತಾಳಾ? ಆ ಟೈಲರಿಗೆ ಸೂಜಿಯ ಕಣ್ಣೇ ಕಾಣಲ್ಲ, ನನ್ನ ಮಗಳು ಕಂಡಳಾ?’ ಅಂದರು. ನಾನು ಚಹಾ ಸೋಸುತ್ತಿದ್ದೆ.

ಈಗ ನಿಲ್ಲಿಸುತ್ತೇನೆ. ನಾಳೆ ಕೆಲಸವಿದೆ. ಬರೆಯಬೇಕಾದ್ದು ಇನ್ನೂ ಬರೆದಿಲ್ಲ.

ಬುಧವಾರ, ಸಂಜೆ

ಮತ್ತೆ ಕೂತಿದ್ದೇನೆ. ಭಾನುವಾರ ಯಾಕೆ ನಿಲ್ಲಿಸಿದೆ ಎಂದು ಹೇಳಿಬಿಡುತ್ತೇನೆ. ಶನಿವಾರವೇ ಆದೇಶ ಬಂದಿತ್ತು. ಮೇಸ್ತ್ರಿ ಡ್ರಾಯಿಂಗ್ ಹಾಳೆ ಬಿಡಿಸಿ ನಮ್ಮ ಗ್ಯಾಂಗಿಗೆ ಓದಿ ಹೇಳಿದ. ಟೊಳ್ಳು ದಾರಿಯಲ್ಲಿರುವ ಲೂಪುಗಳನ್ನೆಲ್ಲ ತೆಗೆಯಬೇಕು. ಜಾಯಿಂಟ್ ಬಿಚ್ಚಿ, ಸುತ್ತನ್ನು ಕತ್ತರಿಸಿ, ಗಿಡ್ಡ ಮಾಡಿ ಮತ್ತೆ ಬೆಸೆಯಬೇಕು. ಬೆಳಕು ಸುತ್ತಿನೊಳಗೆ ಸುಮ್ಮನೆ ತಿರುಗಿ ಬರುವುದರಿಂದ ಹೊತ್ತು ದಂಡವಾಗುತ್ತದಂತೆ. ಎಷ್ಟು ಹೊತ್ತು ಅಂದೆ. ರೆಪ್ಪೆ ಬಡಿಯುವಷ್ಟಾ? ಮೇಸ್ತ್ರಿ ತಲೆ ಕೆರೆದುಕೊಂಡು, ರೆಪ್ಪೆ ಬಡಿಯೋಣ ಅಂತ ಯೋಚನೆ ಬರುವುದರಲ್ಲಿ ಲಕ್ಷದಲ್ಲಿ ಒಂದು ಪಾಲೂ ಇಲ್ಲ ಅಂದ. ಅಷ್ಟಕ್ಕೂ ದುಡ್ಡು ಕೊಡುವ ಗಿರಾಕಿಗಳಿದ್ದಾರಂತೆ. ಇರಲಿ. ಅವರಿಗೆ ಆತುರ.

ಅದು ಒಂದು. ಎರಡನೆಯದು ನಮ್ಮ ಬೀದಿಗೆ ಮಾತ್ರ. ಇಲ್ಲಿ ಯಾರೂ ಕನೆಕ್ಷನ್ ಕೇಳುವ ಸಂಭವ ಇಲ್ಲ, ದಾರಿ ಬೆಲೆಬಾಳುವಂಥದ್ದು, ಕಂಡಕಂಡವರು ಕೈಹಾಕಬಾರದು, ಆದ್ದರಿಂದ ಗಿಡ್ಡ ಜಾಯಿಂಟನ್ನು ಒಳಗಿಟ್ಟು ಚೇಂಬರಿಗೆ ಕಾಂಕ್ರೀಟ್ ತುಂಬಿ ಮುಚ್ಚಿಬಿಡುವುದು.

ಹಾಳೆಯ ಕೆಳಗೆ, ಗೆರೆ ಎಳೆದವರು ಎಂಬ ಜಾಗದಲ್ಲಿ, ನಿನ್ನ ಹೆಸರಿತ್ತು. ನೀನು ಕಳಿಸಿದ ಕನ್ನಡಕದಲ್ಲೇ ಓದಿದೆ. ಬಹಳ ಸ್ಪಷ್ಟವಾಗಿ ಕಂಡಿತು.

ಉರಿ ಹೆಚ್ಚುತ್ತಿದೆ. ನಾನೂ ಸ್ವಲ್ಪ ನೀರು ಕುಡಿದು ಬರುತ್ತೇನೆ.

ಕಂಡಕಂಡವರು ಅಂದರೆ ಯಾರು ಪುಟ್ಟಿ? ಈ ಕೇಬಲ್ಲಿಗೆ ಮೊದಲು ಕೈಹಾಕಿದವರೇ ನಾವು. ನೆಲ ಅಗೆದದ್ದು ನಿಮ್ಮಪ್ಪನಂಥವರ ಸೊಂಟ. ಡ್ರಮ್ಮು ಉರುಳಿಸಿದ್ದು ನಮ್ಮ ಬೀದಿಯ ಹೆಗಲು. ಎಳೆ ಸುಲಿದದ್ದು ಕಡ್ಡಿಯ ಬೆರಳು, ಗಾಜಿನ ಚೂರು ಅವಳ ಬೆರಳೊಳಗೆ ಇನ್ನೂ ಇದೆ. ಊರನ್ನು ಹೊತ್ತವರ ಮನೆಯ ಮುಂದೆ ಬಂದಾಗ ಬೆಳಕು ಸೆರಗು ಸರಿಸಿಕೊಂಡು ಹೋಗಬೇಕು ಎಂದು ಯಾರು ಕಲಿಸಿದರು ಅದಕ್ಕೆ? ಬೆಳಕಿಗೆ ಅದು ಗೊತ್ತಿಲ್ಲ. ಅದು ಡ್ರಮ್ಮಿನ ಹಾಗೆ. ಗೆರೆ ಎಳೆಯುವವರು ಕಲಿಸಿದ್ದು. ಎಲ್ಲರಿಗೂ ಜಾಗ ಮಾಡಿಕೊಡುವುದು ಅಂದಿದ್ದೆಯಲ್ಲ, ಆ ವಿದ್ಯೆ ಬಣ್ಣಗಳಿಗೆ ಮಾತ್ರವಾ?

ಸರಿ. ಉರಿ ಇಳಿಸಿದೆ.

ಇವತ್ತು ಬೆಳಿಗ್ಗೆ ನಡೆದದ್ದು ಹೇಳುತ್ತೇನೆ. ಮೇಸ್ತ್ರಿ ಕಾಂಕ್ರೀಟ್ ಲಾರಿಯ ಜೊತೆ ಬಂದ. ಚೇಂಬರಿನ ಮೇಲೆ ಯಾರು ಕೂತಿದ್ದರು ಗೊತ್ತಾ? ನಿಮ್ಮಪ್ಪ. ಮುಚ್ಚಳದ ಮೇಲೆ ಕುರ್ಚಿ ಹಾಕಿಕೊಂಡು, ಹಳೆಯ ಹಾರೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಚಹಾ ಕುಡಿಯುತ್ತಾ. ನನಗೆ ಒಂದು ಮಾತೂ ಹೇಳಿರಲಿಲ್ಲ. ಕುರ್ಚಿಯ ಒಂದು ಕಾಲು ಆ ಮೇಲೆದ್ದ ಮೂಲೆಯ ಮೇಲಿತ್ತು, ಅವರು ಅಲ್ಲಾಡಿದಾಗಲೆಲ್ಲ ಟಕ್ ಟಕ್ ಅನ್ನುತ್ತಿತ್ತು.

ಮೇಸ್ತ್ರಿ ಏಳಿ ಯಜಮಾನರೇ ಅಂದ. ನಿಮ್ಮಪ್ಪ ಲೋಟ ಕೆಳಗಿಡಲಿಲ್ಲ.

‘ಈ ಗುಂಡಿ ಅಗೆದೋನು ನಾನು. ಮುಚ್ಚೋದಾದ್ರೆ ಅಗೆದೋನನ್ನ ಕೇಳಿ ಮುಚ್ಚಬೇಕು. ಕೇಳಿ.’

‘ಮುಚ್ಚಬಹುದಾ ಯಜಮಾನರೇ?’

‘ಬೇಡ.’

ಲಾರಿಯ ಡ್ರೈವರ್ ಕೂಡ ನಕ್ಕುಬಿಟ್ಟ. ಅಷ್ಟರಲ್ಲಿ ನರ್ಸಕ್ಕ ಕ್ಲಿನಿಕ್ಕಿನ ಬೆಂಚನ್ನು, ಆವತ್ತು ಹೆಂಗಸನ್ನು ಹೊತ್ತಿದ್ದರಲ್ಲ, ಅದೇ ಬೆಂಚನ್ನು ತಂದು ಕುರ್ಚಿಯ ಪಕ್ಕ ಹಾಕಿದಳು. ಚಪ್ಪಲಿ ಹೊಲಿಯುವವನು ಹೆಂಡತಿಯ ಕೈ ಹಿಡಿದು ಕರೆತಂದು ಅದರ ಮೇಲೆ ಕೂರಿಸಿದ. ಟೈಲರ್ ಅರ್ಧ ಹೊಲಿದ ಅಂಗಿಯ ಸಮೇತ ಬಂದ. ಯಾರೂ ಕೂಗಲಿಲ್ಲ. ನನ್ನ ಎಲ್ಲ ಹೋರಾಟಗಳಲ್ಲಿ ಇಷ್ಟು ಮೆತ್ತಗಿನದನ್ನು ನಾನು ಕಂಡಿರಲಿಲ್ಲ. ಎಳೆ ಬಿಸಿಲು ಬೀಳುತ್ತಿತ್ತು. ಲಾರಿಯ ಹೊಟ್ಟೆಯಲ್ಲಿ ಕಾಂಕ್ರೀಟ್ ಗರಗರ ತಿರುಗುತ್ತಿತ್ತು, ಜನ ಮದುವೆಮನೆಗೆ ಬೇಗ ಬಂದವರ ಹಾಗೆ ಕೂತಿದ್ದರು. ನನಗೆ ಒಂದು ಗಳಿಗೆ ಆ ಕನಸಿನೊಳಗೇ ಇದ್ದೇನೆ ಅನಿಸಿತು, ಮೇಲೆ ನಡೆದಾಡುತ್ತಿದ್ದ ಸದ್ದುಗಳೆಲ್ಲ ಒಂದೊಂದಾಗಿ ಇಳಿದು ಬಂದು ಕೂತ ಹಾಗೆ.

ಮೇಸ್ತ್ರಿ ನನ್ನ ಕಡೆ ತಿರುಗಿ, ನೀನಾದರೂ ಇವರನ್ನು ಎಬ್ಬಿಸಿ, ಕೆಳಗಿಳಿದು ಲೂಪ್ ಕತ್ತರಿಸು ಅಂದ. ನಾನು ಕತ್ತರಿಯನ್ನು ಅವನ ಕೈಗೆ ಕೊಟ್ಟೆ. ಅವನು ಕಡ್ಡಿಯ ಕೈಗೆ ಕೊಟ್ಟ. ಕಡ್ಡಿ ಪಕ್ಕದವಳಿಗೆ ಕೊಟ್ಟಳು. ಹೀಗೆ ಗ್ಯಾಂಗೆಲ್ಲ ಸುತ್ತಿ ಕತ್ತರಿ ಮತ್ತೆ ಮೇಸ್ತ್ರಿಯ ಕೈಗೇ ಬಂತು. ‘ನೋಡಿ ಮೇಸ್ತ್ರಿ, ಅದೂ ಒಂದು ಲೂಪ್ ಹೊಡೀತು’ ಎಂದು ಕಡ್ಡಿ ಅಂದಾಗ ಅವನ ಮೀಸೆ ಕೂಡ ಅದುರಿತು.

ಅವನು ಕೆಟ್ಟವನಲ್ಲ. ಮಹಡಿ ಮೆಟ್ಟಿಲು ಹತ್ತಿ, ಗೋಡೆಗೆ ಕೆನ್ನೆ ಒತ್ತಿ, ಮೇಲಿನವರಿಗೆ ಫೋನ್ ಮಾಡಿದ. ಇಳಿದು ಬಂದು ಹೇಳಿದ್ದು ಇಷ್ಟು: ಡ್ರಾಯಿಂಗನ್ನು ಅದನ್ನು ಮಾಡಿದವರೇ ಬದಲಾಯಿಸಬೇಕು. ಈ ಚೇಂಬರಿಗೆ ಲೂಪ್ ಬೇಕು, ಬೀದಿಗೆ ಎಳೆ ತಿರುಗಿಸುವ ಅವಕಾಶ ಇರಬೇಕು ಎಂದು ಅವರು ಬರೆದು ಸಹಿ ಹಾಕಿದರೆ ಆಯಿತು. ಮುಂದಿನ ಬುಧವಾರದವರೆಗೆ ಬರದಿದ್ದರೆ ಬೇರೆ ಗ್ಯಾಂಗು, ಬೇರೆ ಲಾರಿ, ಜೊತೆಗೆ ಪೊಲೀಸಿನವರು. ನನಗೂ ಕಡ್ಡಿಗೂ ಅಲ್ಲಿಯವರೆಗೆ ಕೆಲಸವಿಲ್ಲ.

ನಿಮ್ಮಪ್ಪ ಕೂತಲ್ಲಿಂದಲೇ ಕೇಳಿದರು: ‘ಅಲ್ಲಯ್ಯಾ ಮೇಸ್ತ್ರಿ, ಯಾರದು ಈ ಡ್ರಾಯಿಂಗು? ಯಾವ ಕಣ್ಣಿಲ್ಲದೋರು ಮಾಡಿದ್ದು?’

ಮೇಸ್ತ್ರಿ ನನ್ನ ಮುಖ ನೋಡಿದ. ಕಡ್ಡಿ ನನ್ನ ಮುಖ ನೋಡಿದಳು.

‘ಯಾರೋ’ ಅಂದೆ.

ನಿನ್ನನ್ನು ಬೇಡುತ್ತಿಲ್ಲ. ಬೇಡಿ ಪಡೆದದ್ದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳುತ್ತಾರೆ ಎಂದು ನಿನಗೆ ಹಾಲಿನ ಜೊತೆ ಕುಡಿಸಿದ್ದೇನೆ. ನಿನ್ನ ಕೆಲಸದ ಕಷ್ಟ ನನಗೆ ಗೊತ್ತಿಲ್ಲವೆಂದೂ ಅಲ್ಲ. ಆ ಗುಡ್ಡದ ಮೇಲಿನ ಗಾಜಿನ ಕೋಣೆಯಲ್ಲಿ ನಮ್ಮ ಬೀದಿಯಿಂದ ಹೋದವಳು ನೀನೊಬ್ಬಳೇ. ದಿನಾ ಎಷ್ಟು ನುಂಗಿಕೊಂಡು ಕೂರುತ್ತೀಯೋ. ಯಾರಾದರೂ ಎದುರಿಗೆ ನಿಂತು ಹೀಗೆ ಗೆರೆ ಎಳಿ ಅಂದಿರಬಹುದು. ಆದರೆ ಪೆನ್ನು ನಿನ್ನ ಕೈಯಲ್ಲಿದೆ. ನಮ್ಮ ಕೈಯಲ್ಲಿ ಕತ್ತರಿ ಇತ್ತು, ನಾವು ಅದನ್ನು ಬಳಸಲಿಲ್ಲ. ನಾನು ಹೇಳುವುದು ಇಷ್ಟೇ.

ಸಹಿ ಹಾಕಿದರೆ ಏನು ಕಳೆದುಕೊಳ್ಳುತ್ತೀಯ ಎಂದೂ ಯೋಚಿಸಿದ್ದೇನೆ. ನಮ್ಮ ಬೀದಿಯ ಮೇಲೆ ನಿನಗೇಕೆ ಇಷ್ಟು ಮಮತೆ ಎಂದು ಕೇಳುತ್ತಾರೆ. ಆಗ ನೀನು ಹೇಳಬೇಕಾಗುತ್ತದೆ. ಅದು ನಿನಗೆ ಕಷ್ಟ ಎಂದು ಈಗ ನನಗೆ ಗೊತ್ತು.

ಹಾಕದೇ ಹೋದರೂ ನೀನು ನನ್ನ ಮಗಳೇ. ಅದರಲ್ಲಿ ಬದಲಾವಣೆಯಿಲ್ಲ. ಆದರೆ ಮುಂದಿನ ಬುಧವಾರ ನಾನೂ ಆ ಬೆಂಚಿನ ಮೇಲೆ ಇರುತ್ತೇನೆ, ಬಂದವರು ಎತ್ತಿ ಹಾಕುವವರೆಗೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಬೇರೆಯವರ ಬಾಯಿಂದ ಕೇಳಬಾರದು ಎಂದು ಬರೆಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಗೆರೆ ಎಳೆಯುವಾಗ ಕತ್ತು ಬಗ್ಗಿಸಿ ಬಗ್ಗಿಸಿ ನನ್ನ ಹಾಗೆ ಗೂನು ಮಾಡಿಕೊಳ್ಳಬೇಡ. ಗುಡ್ಡದ ಮೇಲೆ ಗಾಳಿ ಜಾಸ್ತಿ, ಕಿವಿ ಮುಚ್ಚಿಕೊ. ನಿನ್ನ ಬಣ್ಣಗಳೆಲ್ಲ ದಾರಿ ತಪ್ಪದೆ ತಲುಪಲಿ. ದೊಡ್ಡವರು ನಿನ್ನ ಮಾತು ಕೇಳುವಂತಾಗಲಿ. ಎಷ್ಟು ನೇರವಾದ ದಾರಿಯಲ್ಲಿ ನಡೆದರೂ, ಹಿಂದಕ್ಕೆ ತಿರುಗುವಷ್ಟು ಒಂದು ಸುತ್ತು ನಿನ್ನೊಳಗೆ ಉಳಿದಿರಲಿ ಎಂದು ಹರಸುತ್ತೇನೆ.

ನಿಮ್ಮಪ್ಪ ಇಲ್ಲಿ ತಮ್ಮ ಆಶೀರ್ವಾದವನ್ನೂ ಬರಿ ಅನ್ನುತ್ತಿದ್ದಾರೆ. ಜೊತೆಗೆ, ಆ ಕಣ್ಣಿಲ್ಲದ ಡ್ರಾಯಿಂಗಿನವನಿಗೆ ನಮ್ಮ ಪುಟ್ಟಿ ಚೆನ್ನಾಗಿ ಉಗಿಯಲಿ ಎಂದೂ ಬರೆಯಬೇಕಂತೆ. ಬರೆದಿದ್ದೇನೆ.

ನಿನ್ನ,
ಅಮ್ಮ

ಮತ್ತೆ:

ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದ್ದೆಲ್ಲ ಹೊರಗಷ್ಟೇ ಗಟ್ಟಿಯಾದ ಬೆಸುಗೆ.

ಟೈಲರಿಗೆ ಸೂಜಿಯ ಕಣ್ಣು ಕಾಣುತ್ತದೆ ಪುಟ್ಟಿ. ನೀನು ಬಂದ ದಿನ ಚೇಂಬರಿನ ಪಕ್ಕದ ಗುಡಾರದೊಳಗೆ ನಾನಿದ್ದೆ. ಬೆಸುಗೆ ಮುಗಿಯುವವರೆಗೆ ಗುಡಾರದ ಬಾಯಿ ತೆರೆಯುವಂತಿಲ್ಲ, ಒಂದು ಕಣ ಧೂಳು ಬಿದ್ದರೂ ಕೆಲಸ ಕೆಡುತ್ತದೆ. ಅದಕ್ಕೆ ಬಟ್ಟೆಯ ಮೇಲೆ ನಿನ್ನ ನೆರಳನ್ನಷ್ಟೇ ನೋಡಿದೆ. ಎಡ ಹೆಗಲಿಗೆ ಚೀಲ, ಬಲಗಾಲಿನ ಮೇಲೆ ಭಾರ ಬಿಟ್ಟು ನಿಲ್ಲುವ ಅದೇ ನಿಲುವು. ಎದ್ದು ಬಟ್ಟೆಯ ಮೇಲೆ ಕೈಯಿಟ್ಟಿದ್ದರೆ ನಿನ್ನ ಭುಜ ತಾಗುತ್ತಿತ್ತು. ಆಗ ನಿನ್ನ ಆಫೀಸಿನವರೊಬ್ಬರು ಕೇಳಿದರು, ಈ ಬೀದಿಯವರು ಕನೆಕ್ಷನ್ ಕೇಳುತ್ತಾರಾ, ನಿಮಗೆ ಇಲ್ಲಿ ಯಾರಾದರೂ ಗೊತ್ತಾ ಅಂತ.

‘ಇಲ್ಲ ಸರ್. ನಾನು ಈ ಕಡೆ ಬಂದಿರೋದೇ ಇದು ಮೊದಲು’ ಎಂದು ನೀನು ಅಂದೆ.

ಕೂಗಿ ಕರೆಯಬಹುದಿತ್ತು. ಅವರೆದುರು ನಿನ್ನ ಮಾತು ಸುಳ್ಳಾಗುತ್ತಿತ್ತು, ಅದಕ್ಕೆ ಕರೆಯಲಿಲ್ಲ. ನನ್ನ ಎರಡೂ ಕೈಯಲ್ಲಿ ಎಳೆಯ ಎರಡು ತುದಿಗಳಿದ್ದವು. ಮಷೀನಿನಲ್ಲಿ ಕೂರಿಸಿ ಕಿಡಿ ಕೊಟ್ಟೆ. ಪರದೆಯ ಮೇಲೆ, ಬೆಳಕಿನ ನಷ್ಟ ಸೊನ್ನೆ ಎಂದು ಬಂತು. ಇಷ್ಟು ವರ್ಷದಲ್ಲಿ ಅಷ್ಟು ಚೊಕ್ಕವಾದ ಬೆಸುಗೆ ನನ್ನ ಕೈಯಿಂದ ಬಂದಿರಲಿಲ್ಲ. ಕಡ್ಡಿ ಪರದೆ ನೋಡಿದಳು, ನನ್ನನ್ನು ನೋಡಿದಳು, ನೀರಿನ ಬಾಟಲಿ ಮುಂದಿಟ್ಟಳು. ನಾವು ಗುಡಾರದ ಬಾಯಿ ತೆರೆದಾಗ ಬೀದಿಯಲ್ಲಿ ಯಾರೂ ಇರಲಿಲ್ಲ.

ನಿಮ್ಮಪ್ಪನಿಗೆ ಇದು ಗೊತ್ತಿಲ್ಲ. ಹಾಳೆಯ ಮೇಲಿನ ಹೆಸರೂ ಗೊತ್ತಿಲ್ಲ. ಈಗ ಬಾಗಿಲಲ್ಲಿ ಕೂತಿದ್ದಾರೆ. ಬೀದಿಯಲ್ಲಿ ಹೋಗುವವರು ಯಾರಾದರೂ ಮುಚ್ಚಳ ತುಳಿದು ಅದು ‘ಟಕ್’ ಅಂದರೆ ಸಾಕು, ಇವತ್ತಿಗೂ ತಲೆ ಎತ್ತಿ ನೋಡುತ್ತಾರೆ.